ಡೊಂಕು ತೆಗೆಯುವ ಎಣ್ಣೆ

ಮಾನ್ಯ ಸಂಪಾದಕರೇ,

ಶಿಶ್ನದ ಡೊಂಕು ಸರಿಪಡಿಸುವ ಎಣ್ಣೆಯ ಜಾಹೀರಾತು ವರ್ಗೀಕೃತ ಪುಟದಲ್ಲಿ ‘ಗ್ಯಾರಂಟಿ’ ಎಂಬ ಮಾತಿನೊಂದಿಗೆ ಬರುತ್ತಲೇ ಇದೆ. ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾಗುವ ಇಂಥ ಡೊಂಕಿಗೆ ಸಾಮಾನ್ಯ ಕಾರಣ ಪೆರೋನಿ ಕಾಯಿಲೆ. ಇದರಲ್ಲಿ ತೊಂದರೆ ಚರ್ಮದ್ದಲ್ಲ. ನಿಮಿರುವಾಗ ರಕ್ತ ತುಂಬಿಕೊಳ್ಳುವ ಭಾಗವನ್ನು ಸುತ್ತಿದ ಗಟ್ಟಿ ಪೊರೆಯ ಒಂದು ಕಡೆ ಕಲೆಗಟ್ಟಿ ಗಂಟಾಗಿರುತ್ತದೆ. ಸುತ್ತಲಿನದೆಲ್ಲ ಹಿಗ್ಗಿದರೂ ಆ ಜಾಗ ಹಿಗ್ಗದು, ಹಾಗಾಗಿ ಅತ್ತಲೇ ವಾಲುತ್ತದೆ. ಎಣ್ಣೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಜೋರಾಗಿ ತಿಕ್ಕಿದರೆ ಇನ್ನೊಂದು ಪೆಟ್ಟು ಬಿದ್ದಂತೆ. ವಿಟಮಿನ್ ಇ, ಒಮೆಗಾ-3 ಮಾತ್ರೆಗಳನ್ನೂ ಇದಕ್ಕೆ ಕೊಡಬೇಡಿ ಎಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘ 2015ರಲ್ಲೇ ಹೇಳಿದೆ.

ನೋವಿದ್ದು, ಡೊಂಕು ಇನ್ನೂ ಬದಲಾಗುತ್ತಿದ್ದರೆ ನೋವು ನಿವಾರಕ ಸಾಕು, ಅದೂ ವೈದ್ಯರನ್ನು ಕೇಳಿ. ಹೊರಗಿನಿಂದ ಧ್ವನಿ ಅಲೆಗಳ ಪೆಟ್ಟು ಕೊಡುವ ಶಾಕ್‌ವೇವ್ ಚಿಕಿತ್ಸೆ ನೋವನ್ನು ತಗ್ಗಿಸಬಹುದು. ಡೊಂಕಿಗೆ ಅದರಿಂದ ಪ್ರಯೋಜನವಿಲ್ಲ. ಅದನ್ನು ಬಾಗು ತೆಗೆಯುವ ಯಂತ್ರವೆಂದು ಮಾರುವುದು ಎಣ್ಣೆಗಿಂತ ದುಬಾರಿ ಮೋಸ. ನಿಮಿರಿದಾಗ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆದಿಟ್ಟುಕೊಂಡರೆ ಕೋನ ಹೆಚ್ಚುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತದೆ. ಕನಿಷ್ಠ 3 ತಿಂಗಳು ಬದಲಾಗದೆ ನಿಂತ ಮೇಲೆಯೇ ಮುಂದಿನ ಮಾತು.

ಶಸ್ತ್ರಚಿಕಿತ್ಸೆಯಿಲ್ಲದೆ ಡೊಂಕು ತಗ್ಗಿಸಲು ಹೆಚ್ಚು ಪರೀಕ್ಷೆಗೆ ಒಳಪಟ್ಟಿರುವುದು ಕಲೆಯ ನಾರನ್ನು ಕರಗಿಸುವ ಕೊಲಾಜಿನೇಸ್ ಇಂಜೆಕ್ಷನ್. ಕೈಗೆ ಸಿಗುವ ಗಂಟು, 30 ಡಿಗ್ರಿ ಅಥವಾ ಹೆಚ್ಚಿನ ಬಾಗು ಇದ್ದವರಿಗೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. ನೇರ ಗಂಟಿಗೇ 0.58 ಮಿಲಿಗ್ರಾಂ, 1ರಿಂದ 3 ದಿನ ಬಿಟ್ಟು ಮತ್ತೊಂದು. ಇಂಥ ಸುತ್ತುಗಳು ಹೆಚ್ಚೆಂದರೆ 4, ನಡುವೆ ಸುಮಾರು 6 ವಾರ. ಎರಡನೇ ಚುಚ್ಚಿನ ನಂತರ ವೈದ್ಯರು ಬಾಗಿನ ವಿರುದ್ಧ ದಿಕ್ಕಿಗೆ 30 ಸೆಕೆಂಡು ಹಿಡಿದು ನಿಧಾನವಾಗಿ ಎಳೆಯುತ್ತಾರೆ. ಆಮೇಲೆ ಮನೆಯಲ್ಲಿ, ನಿಮಿರದ ಸ್ಥಿತಿಯಲ್ಲಿ, ದಿನಕ್ಕೆ 3 ಬಾರಿ ಇದೇ ಎಳೆತ. ಇದನ್ನು ಬಿಟ್ಟರೆ ಚುಚ್ಚಿಸಿಕೊಂಡದ್ದರ ಫಲ ಕುಗ್ಗುತ್ತದೆ. ಪರೀಕ್ಷೆಗಳಲ್ಲಿ ಬಾಗು ಸರಾಸರಿ 34% ತಗ್ಗಿತು, ಔಷಧಿಯಿಲ್ಲದ ಚುಚ್ಚಿಗೆ 18%. ಅಂದರೆ 60 ಡಿಗ್ರಿ ಇದ್ದದ್ದು 40ರ ಆಸುಪಾಸು. ಪೂರ್ತಿ ನೆಟ್ಟಗಾಗುತ್ತದೆ ಎಂದು ಯಾರೂ ಮಾತು ಕೊಡಲಾಗದು. ಸುಣ್ಣಗಟ್ಟಿ ಕಲ್ಲಾದ ಗಂಟಿಗೆ ಫಲ ಇನ್ನೂ ಕಡಿಮೆ, ಅದಕ್ಕೇ ಮೊದಲು ಅಲ್ಟ್ರಾಸೌಂಡ್.

ಅಪಾಯವೂ ಇದೆ. ಔಷಧಿ ಪೊರೆಯನ್ನು ಮೆತ್ತಗಾಗಿಸಿರುತ್ತದೆ, ಹಾಗಾಗಿ ಪ್ರತಿ ಸುತ್ತಿನ ನಂತರ 4 ವಾರ ಸಂಭೋಗ ಬೇಡ. ‘ಟಪ್’ ಎಂದು ಸದ್ದಾಗಿ, ನಿಮಿರಿದ್ದು ಒಮ್ಮೆಲೇ ಇಳಿದು, ಬದನೆಕಾಯಿ ಬಣ್ಣಕ್ಕೆ ಊದಿದರೆ ಪೊರೆ ಹರಿದಿರಬಹುದು. ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ಶಿಶ್ನಕ್ಕೆ ತೊಡಿಸಿ ಎಳೆದು ಹಿಡಿಯುವ ಸಾಧನ ಅಗ್ಗದ ದಾರಿಯಾದರೂ ತಿಂಗಳುಗಟ್ಟಲೆ, ದಿನವೂ ಹಾಕಿಕೊಳ್ಳಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ತುದಿ ತಣ್ಣಗಾದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಿ. ಹಾಕಿಕೊಂಡೇ ನಿದ್ದೆ ಮಾಡಬೇಡಿ.

ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಔಷಧಿಗಳ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸಿದೆ. ಎಣ್ಣೆಯ ಮುಂದಿನ ಜಾಹೀರಾತಿಗೆ ದುಡ್ಡು ಪಡೆಯುವ ಮೊದಲು ನಿಮ್ಮ ಜಾಹೀರಾತು ವಿಭಾಗ ಆ ಕಾಯ್ದೆಯನ್ನೊಮ್ಮೆ ಓದಲಿ.

– ಮೂತ್ರರೋಗ ತಜ್ಞರೊಬ್ಬರು, ದಾವಣಗೆರೆ