ಬೆಕ್ಕನ್ನು ಕಾಡಿಗೆ ಬಿಡಬೇಡಿ

ಮರಿಗಳು ಜಾಸ್ತಿಯಾದರೆ ಗೋಣಿಚೀಲದಲ್ಲಿ ಕಟ್ಟಿ ಘಾಟಿ ರಸ್ತೆ ಬದಿಯಲ್ಲಿ ಬಿಟ್ಟು ಬರುವುದು ನಮ್ಮ ಮಲೆನಾಡಿನಲ್ಲಿ ರೂಢಿ. ಕೊಂದ ಪಾಪ ಬರಲ್ಲ, ಕಾಡಲ್ಲಿ ಹೇಗೋ ಬದುಕಿಕೊಳ್ಳುತ್ತದೆ ಎಂಬ ಸಮಾಧಾನ ಬೇರೆ. ಬದುಕುತ್ತದೆ ನಿಜ, ಆದರೆ ಏನನ್ನು ತಿಂದು? ತರಗೆಲೆಯಡಿ ಸರಿದಾಡುವ ಹಾವುರಾಣಿ, ಮಳೆಗಾಲದ ಕಪ್ಪೆ, ನೆಲದಲ್ಲೇ ಮೊಟ್ಟೆಯಿಡುವ ನತ್ತಿಂಗ ಹಕ್ಕಿ, ಕಾಡುಕೋಳಿಯ ಹೂಮರಿಗಳು. ಹೊಟ್ಟೆ ತುಂಬಿದ್ದರೂ ಬೆಕ್ಕು ಬೇಟೆ ಬಿಡುವುದಿಲ್ಲ. ಹೋಮ್‌ಸ್ಟೇಗಳಲ್ಲಿ ಮೀನಿನ ಮುಳ್ಳು ಹಾಕಿದ ಮಾತ್ರಕ್ಕೆ ಹಕ್ಕಿಗಳು ಉಳಿಯುವುದಿಲ್ಲ. ನಮ್ಮದೇ ಕಾಡುಬೆಕ್ಕಿಗೂ ಇವುಗಳಿಂದ ರೋಗ ತಗಲುವ ಭಯವಿದೆ. ಆಸ್ಟ್ರೇಲಿಯಾದಲ್ಲಿ 20ಕ್ಕೂ ಹೆಚ್ಚು ಜಾತಿಯ ಸಸ್ತನಿಗಳು ಅಳಿದುಹೋಗಿದ್ದರಲ್ಲಿ ಬೀಡಾಡಿ ಬೆಕ್ಕುಗಳ ಪಾಲು ದೊಡ್ಡದು.

ಬೆಕ್ಕಿನ ತಪ್ಪೇನಿಲ್ಲ ಬಿಡಿ, ಹೊಣೆ ಸಾಕಿದವರದು. ಆದರೆ ಹಳ್ಳಿಯವರು ಮರಿಗಳನ್ನು ಏನು ಮಾಡಬೇಕು? ಕಾಡಂಚಿನ ಊರುಗಳ ಪಶು ಆಸ್ಪತ್ರೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬೆಕ್ಕುಗಳಿಗೆ ಉಚಿತ ಸಂತಾನಹರಣ ಶಿಬಿರ ನಡೆಸಲಿ. ಬೀದಿನಾಯಿಗಳಿಗೆ ಮಾಡುವುದನ್ನು ಬೆಕ್ಕಿಗೂ ಮಾಡಬಹುದು, ಅಲ್ವಾ? ಹಾಗೆಯೇ ಅರಣ್ಯ ಇಲಾಖೆಯವರು ಚೆಕ್‌ಪೋಸ್ಟ್‌ಗಳಲ್ಲಿ ಪ್ಲಾಸ್ಟಿಕ್ ಹುಡುಕುವಾಗ ಮಿಯಾಂವ್ ಎನ್ನುವ ಚೀಲಗಳನ್ನೂ ತಡೆದು ವಾಪಸ್ ಕಳಿಸಲಿ.

— ಓದುಗ, ತೀರ್ಥಹಳ್ಳಿ