ಕೂಸಿನ ಲಸಿಕೆಯ ದಿನವೇ ತಾಯಿಯ ಸಕ್ಕರೆಯನ್ನೂ ನೋಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ವಂದನೆಗಳು.

ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ಹೆಂಗಸಿಗೆ ಹೆರಿಗೆಯಾದ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ 2014ರಿಂದಲೂ ಹೇಳುತ್ತಿದೆ. ಕೂಸಿಗೆ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯನ್ನು ಮೊದಲ ಸಲ ಹಾಕಿಸುವುದೂ ಆರನೆಯ ವಾರದಲ್ಲೇ. ಅದೇ ವಾರ, ಅದೇ ಆರೋಗ್ಯ ಕೇಂದ್ರ, ಅದೇ ತಾಯಿ. ಆದರೂ ನಾನು ಕಂಡ ಮಟ್ಟಿಗೆ, ಕೂಸಿಗೆ ಸೂಜಿ ಹಾಕಿ, ಮುಂದಿನ ತಾರೀಕು ಬರೆದುಕೊಟ್ಟು ಕಳಿಸುತ್ತಾರೆಯೇ ಹೊರತು ‘ನಿನಗೆ ಬಸಿರಿನಲ್ಲಿ ಶುಗರ್ ಇತ್ತಾ ತಾಯಿ’ ಎಂದು ಕೇಳುವವರಿಲ್ಲ. ಇವೆರಡನ್ನೂ ಒಂದೇ ದಿನ ಮಾಡಿ ಮುಗಿಸುವಂತೆ ತಾವು ಒಂದು ಸುತ್ತೋಲೆ ಹೊರಡಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಬಾಣಂತಿ ಹೊಸ್ತಿಲು ದಾಟುವುದೇ ನಮ್ಮ ಕಡೆ ಅಪರೂಪ. ಗಾಳಿ ತಗಲಬಾರದು, ಬಿಸಿಲಿಗೆ ಹೋಗಬಾರದು ಎಂದು ಹಿರಿಯರು ತಡೆಯುತ್ತಾರೆ. ತನ್ನ ಆರೋಗ್ಯದ ಸಲುವಾಗಿ ಆಸ್ಪತ್ರೆಗೆ ಹೋಗಿಬರುತ್ತೇನೆಂದರೆ ಒಪ್ಪದ ಮನೆಯವರೂ ಕೂಸಿನ ಲಸಿಕೆಗೆ ತಾವೇ ಆಟೋ ಕರೆಸುತ್ತಾರೆ. ಆ ದಿನ ಕೈತಪ್ಪಿದರೆ ಅವಳು ಮತ್ತೆ ಸಿಗುವುದು ಕಷ್ಟ. ಪರೀಕ್ಷೆಯೇನೂ ದೊಡ್ಡದಲ್ಲ: 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸುವುದು, ಎರಡು ಗಂಟೆ ಬಿಟ್ಟು ರಕ್ತ ನೋಡುವುದು. ಒಂದು ಡೆಸಿಲೀಟರ್ ರಕ್ತದಲ್ಲಿ ಸಕ್ಕರೆ 140 ಮಿಲಿಗ್ರಾಂ ಒಳಗಿದ್ದರೆ ಸದ್ಯಕ್ಕೆ ನೆಮ್ಮದಿ, 140ರಿಂದ 199 ಇದ್ದರೆ ಎಚ್ಚರಿಕೆ, 200 ಮುಟ್ಟಿದರೆ ಚಿಕಿತ್ಸೆ. ಇಷ್ಟನ್ನು ಮಾಡಲು ಜಿಲ್ಲಾ ಆಸ್ಪತ್ರೆಯೇ ಬೇಕೆಂದಿಲ್ಲ.

‘ಬಸಿರಿನ ಶುಗರ್ ಹೆರಿಗೆಯಾದರೆ ಹೋಗುತ್ತದೆ’ ಎಂಬ ಮಾತನ್ನು ಊರವರೂ ಹೇಳುತ್ತಾರೆ, ಎಷ್ಟೋ ಬಾರಿ ಆಸ್ಪತ್ರೆಯವರೂ ಹೇಳುತ್ತಾರೆ. ಅರ್ಧ ಸತ್ಯವಿದು. ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುತ್ತವೆ. ಮಾಸು ಬಿದ್ದೊಡನೆ ಆ ಅಡ್ಡಿ ತೊಲಗಿ, ಬಹುಪಾಲು ಹೆಂಗಸರಲ್ಲಿ ಸಕ್ಕರೆ ಇಳಿಯುತ್ತದೆ. ಆದರೆ ಹೆಚ್ಚಿನ ಹೊರೆ ಬಿದ್ದಾಗ ಸಾಕಷ್ಟು ಇನ್ಸುಲಿನ್ ಒದಗಿಸಲಾಗದ ದೇಹ ಮೊದಲಿನಂತೆಯೇ ಉಳಿದಿರುತ್ತದೆ. 2009ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಇಂಥವರಿಗೆ ಮುಂದೆ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಉಳಿದ ತಾಯಂದಿರಿಗಿಂತ ಏಳು ಪಟ್ಟಿಗೂ ಹೆಚ್ಚು.

ದೂರದ ಪತ್ರಿಕೆ ಏಕೆ, ನಮ್ಮ ಮೈಸೂರೇ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಕಡೆ, 1997–98ರಲ್ಲಿ ಬಸುರಿಯರನ್ನು ಪರೀಕ್ಷಿಸಿ, ತಾಯಿ ಮಕ್ಕಳಿಬ್ಬರ ಆರೋಗ್ಯವನ್ನೂ ವರ್ಷಗಟ್ಟಲೆ ಗಮನಿಸುತ್ತ ಬಂದ ಅಧ್ಯಯನವೊಂದಿದೆ. ಐದು ವರ್ಷದ ನಂತರ ನೋಡಿದಾಗ, ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದವರ ಪೈಕಿ ಶೇ 37ರಷ್ಟು ಮಂದಿಗೆ ಮಧುಮೇಹ ಬಂದಿತ್ತು. ಇಲ್ಲದಿದ್ದವರಲ್ಲಿ ಶೇ 2. ಕಾಯಿಲೆ ಇದ್ದ ತಾಯಂದಿರ ಗುಂಪು ಚಿಕ್ಕದು ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದರೂ 37ಕ್ಕೂ 2ಕ್ಕೂ ನಡುವಿನ ಅಂತರವನ್ನು ಕಂಡೂ ಸುಮ್ಮನಿರುವುದು ಹೇಗೆ? ಆ ತಾಯಂದಿರ ಮಕ್ಕಳನ್ನು ಒಂಬತ್ತೂವರೆ ವರ್ಷಕ್ಕೆ ಪರೀಕ್ಷಿಸಿದಾಗ ಅವರಲ್ಲಿಯೂ ಕೊಬ್ಬಿನ ಪ್ರಮಾಣ ಹೆಚ್ಚಾಗಿತ್ತು, ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದ ಇನ್ಸುಲಿನ್ ಪ್ರತಿರೋಧ ಕಾಣಿಸಿತ್ತು. ನಮ್ಮದೇ ನಾಡಿನ ತಾಯಂದಿರು ವರ್ಷಗಳ ಕಾಲ ರಕ್ತ ಕೊಟ್ಟು ಒದಗಿಸಿದ ತಿಳಿವಳಿಕೆ ಇದು.

ನನಗೂ ಮೊದಲ ಬಸಿರಿನಲ್ಲಿ ಶುಗರ್ ಇತ್ತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಹೊಲಿಗೆಯ ಬಗ್ಗೆ ಹೇಳಿದರು, ಕೂಸಿನ ಲಸಿಕೆಯ ದಿನಾಂಕ ಕೊಟ್ಟರು, ಮುಂದಿನ ಮಗುವಿಗೆ ಅಂತರವಿರಲಿ ಎಂದರು. ಸಕ್ಕರೆಯ ವಿಚಾರ ಬಾಯಲ್ಲೂ ಬರಲಿಲ್ಲ, ಚೀಟಿಯಲ್ಲೂ ಬರಲಿಲ್ಲ. ಎರಡನೆಯ ಬಸಿರಿನ ಮೊದಲ ಪರೀಕ್ಷೆಯಲ್ಲೇ ಸಕ್ಕರೆ ಏರಿರುವುದು ಗೊತ್ತಾಯಿತು. ಭ್ರೂಣದ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಆಗ ತಾಯಿಯ ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಅಂಗವೈಕಲ್ಯದ ಅಪಾಯ ಹೆಚ್ಚುತ್ತದೆ. ಮುಟ್ಟು ನಿಂತದ್ದು ತಿಳಿದು, ಆಸ್ಪತ್ರೆಗೆ ಹೋಗಿ ಹೆಸರು ಬರೆಸುವಷ್ಟರಲ್ಲಿ ಆ ವಾರಗಳು ಬಹುತೇಕ ಮುಗಿದಿರುತ್ತವೆ. ಎರಡು ಬಸಿರುಗಳ ನಡುವಿನ ಪರೀಕ್ಷೆ ಆದ್ದರಿಂದಲೇ ಅಷ್ಟು ಮುಖ್ಯ.

ಇನ್ನು ತವರಿನ ಸಂಗತಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿ ರೂಢಿ. ಏಳನೆಯ ತಿಂಗಳವರೆಗೆ ಗಂಡನ ಊರಿನ ಆರೋಗ್ಯ ಕೇಂದ್ರ, ಆಮೇಲೆ ತವರಿನದು, ಬಾಣಂತನ ಮುಗಿದ ಮೇಲೆ ಮತ್ತೆ ಗಂಡನ ಊರಿನದು. ಶುಗರ್ ಕಂಡುಹಿಡಿದ ದಾದಿ ಒಬ್ಬರು, ಲಸಿಕೆ ಹಾಕುವವರು ಇನ್ನೊಬ್ಬರು. ಜೊತೆಯಲ್ಲಿ ಓಡಾಡುವುದು ತಾಯಿ ಕಾರ್ಡ್ ಒಂದೇ. ಕೂಸಿನ ಲಸಿಕೆಯ ಪುಟದಲ್ಲಿ, ಆರನೆಯ ವಾರದ ಸಾಲಿನ ಪಕ್ಕದಲ್ಲೇ, ‘ತಾಯಿಯ ಸಕ್ಕರೆ ಪರೀಕ್ಷೆ’ ಎಂಬ ಖಾನೆ ಅಚ್ಚಾಗಲಿ. ಬಸುರಿಯ ಹೆಸರು ಬರೆಸಿದಾಗ ಸರ್ಕಾರಿ ದಾಖಲೆಯಲ್ಲಿ ಕೊಡುವ ಆರ್‌ಸಿಎಚ್ ಸಂಖ್ಯೆ ಹೇಗೂ ಇದೆ. ಬಸಿರಿನಲ್ಲಿ ಸಕ್ಕರೆ ಕಂಡವಳ ಸಂಖ್ಯೆಯನ್ನು ಯಾವ ಊರಿನಲ್ಲಿ ತೆರೆದರೂ ಆ ಸೂಚನೆ ಎದ್ದು ಕಾಣುವಂತಿರಲಿ.

ಮೊದಲ ಪರೀಕ್ಷೆ ಸರಿಯಾಗಿ ಬಂದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ, ಬದುಕಿರುವಷ್ಟು ಕಾಲ, ನೋಡಿಸಿಕೊಳ್ಳುತ್ತಿರಬೇಕು. ಇಲ್ಲಿ ಮೂವತ್ತು ವರ್ಷದ ಗೆರೆ ಅಡ್ಡ ಬರುತ್ತದೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ತಪಾಸಣೆಯೂ 2024ರಲ್ಲಿ ಕೋಲಾರದಲ್ಲಿ ತಮ್ಮ ಇಲಾಖೆ ಆರಂಭಿಸಿದ, ಮನೆಮನೆಗೆ ಹೋಗಿ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯೂ 30 ವರ್ಷ ದಾಟಿದವರಿಗಾಗಿ ರೂಪುಗೊಂಡಿವೆ. ಇಪ್ಪತ್ತಮೂರಕ್ಕೆ ಹೆತ್ತವಳು ಏಳು ವರ್ಷ ಕಾಯಬೇಕೇ? ಮೈಸೂರಿನ ತಾಯಂದಿರಿಗೆ ಐದೇ ವರ್ಷ ಸಾಕಾಗಿತ್ತು. ಬಸಿರಿನಲ್ಲಿ ಸಕ್ಕರೆ ಕಂಡವರಿಗೆ ಈ ವಯೋಮಿತಿ ಬೇಡವೆಂದು ಒಂದು ಸಾಲಿನ ಆದೇಶ ಮಾಡಿ. ಮಗುವಿನ 16ರಿಂದ 24 ತಿಂಗಳೊಳಗಿನ ಬೂಸ್ಟರ್, ಐದು ವರ್ಷದ ಬೂಸ್ಟರ್ ದಿನಗಳನ್ನೂ ತಾಯಿಯ ಪರೀಕ್ಷೆಗೆ ಬಳಸಿಕೊಳ್ಳಬಹುದು.

ಸುಲಭವೆಂದು, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಒಂದನ್ನೇ ಮಾಡಿಸಿ ಕೈತೊಳೆದುಕೊಳ್ಳದಿರಲಿ. ಹೆರಿಗೆಯಲ್ಲಿ ರಕ್ತ ಹೋಗಿ, ರಕ್ತಹೀನತೆಯೂ ಇರುವ ಬಾಣಂತಿಯರಲ್ಲಿ ಆರನೆಯ ವಾರಕ್ಕೆ ಆ ಅಂಕಿಯನ್ನು ನಂಬುವಂತಿಲ್ಲ. ಹಾಗೆಯೇ, ಬರಿಹೊಟ್ಟೆಯಲ್ಲಿ ಬರಬೇಕೆಂದಾದರೆ ಅದನ್ನು ಹಿಂದಿನ ದಿನವೇ ತಿಳಿಸಿ, ಬೆಳಗ್ಗೆ ಮೊದಲು ಅವಳನ್ನೇ ಒಳಗೆ ಕರೆಯಲಿ. ರಾತ್ರಿಯಿಡೀ ಹಾಲೂಡಿಸಿದವಳನ್ನು ಮಧ್ಯಾಹ್ನದವರೆಗೆ ಉಪವಾಸ ಕೂರಿಸಬಾರದು. ಆ ಎರಡು ಗಂಟೆ ಹಾಲೂಡಿಸಲು ಮರೆಯಿರುವ ಒಂದು ಜಾಗ, ಕುಡಿಯುವ ನೀರು, ಶುಚಿಯಾದ ಶೌಚಾಲಯ ಇಷ್ಟಾದರೂ ಇರಲಿ.

ಆ ಸಮಯವನ್ನು ಮಾತಿಗೂ ಬಳಸಿಕೊಳ್ಳಬಹುದು. ಅಂಟಿನುಂಡೆ, ಕೊಬ್ಬರಿ ಬೆಲ್ಲ, ತುಪ್ಪದನ್ನ, ಹಾಸಿಗೆಯ ವಿಶ್ರಾಂತಿ ಎಲ್ಲವೂ ಪ್ರೀತಿಯಿಂದಲೇ ನಡೆಯುವ ಉಪಚಾರ. ಅದನ್ನು ಮೌಢ್ಯವೆಂದು ಹಳಿಯದೆ, ಜೊತೆಗೆ ಬಂದ ಅಮ್ಮನನ್ನೋ ಅತ್ತೆಯನ್ನೋ ಕೂರಿಸಿಕೊಂಡು ಹೇಳಲಿ: ಸಿಹಿ ಕಡಿಮೆಯಿರಲಿ, ಸೊಪ್ಪು ಕಾಳು ಹೆಚ್ಚಿರಲಿ, ನಿಧಾನವಾಗಿ ನಡೆದಾಡಲಿ, ಎದೆಹಾಲು ಕೊಡುವುದರಿಂದ ತಾಯಿಯ ಅಪಾಯವೂ ತಗ್ಗುತ್ತದೆ.

ಕಡೆಯದಾಗಿ ಆಶಾ ಕಾರ್ಯಕರ್ತೆಯರ ಮಾತು. ಹೆರಿಗೆಯಾದ 42ನೆಯ ದಿನ ಅವರು ಹೇಗೂ ಮನೆಗೆ ಬರುತ್ತಾರೆ. ನೆನಪಿಸಿ ಕರೆತರಲು ಅವರಿಗಿಂತ ಸೂಕ್ತರಿಲ್ಲ. ಆದರೆ ಈ ಕೆಲಸವನ್ನು ಬಿಟ್ಟಿಯಾಗಿ ಅವರ ತಲೆಗೆ ಕಟ್ಟಬೇಡಿ. ಪ್ರೋತ್ಸಾಹಧನ ನಿಗದಿಮಾಡಿ, ತಿಂಗಳು ತಿಂಗಳಿಗೆ ಕೊಡಿ. ಗ್ಲೂಕೋಸ್ ಪುಡಿ, ರಕ್ತದ ಸಕ್ಕರೆ ನೋಡುವ ಸ್ಟ್ರಿಪ್‌ಗಳು ಖಾಲಿಯಾಗದಂತೆ ನೋಡಿಕೊಳ್ಳಿ.

ರಾಜ್ಯದಲ್ಲಿ ಕಳೆದ ವರ್ಷ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಂಡವರು ಎಷ್ಟು, ಅವರಲ್ಲಿ ಆರನೆಯ ವಾರದ ಪರೀಕ್ಷೆ ಆದದ್ದು ಎಷ್ಟು ಮಂದಿಗೆ ಎಂಬುದನ್ನು ಜಿಲ್ಲಾವಾರು ಪ್ರಕಟಿಸಿ. ಈ ಪತ್ರಕ್ಕೆ ನಾನು ಬಯಸುವ ಮೊದಲ ಉತ್ತರ ಆ ಪಟ್ಟಿಯೇ.

ಇಂತಿ ತಮ್ಮ ವಿಶ್ವಾಸಿ,
ಮಂಡ್ಯ ಜಿಲ್ಲೆಯ ಒಬ್ಬ ತಾಯಿ