ಸಂಪಾದಕರ ಮೇಜಿನಿಂದ: 399 ದಿನ ತಡ

ರಾತ್ರಿ ಹನ್ನೆರಡರೊಳಗೆ ನಮ್ಮ ಕನ್ನಡ ಸಂಘದ ಪತ್ರಿಕೆಯ ಪಿಡಿಎಫ್ ಹೋಗಬೇಕು. ಈಗ ಹನ್ನೊಂದಾಗಿದೆ, ನಾಲ್ಕನೇ ಪುಟದ ‘ಈ ದಿನ’ ಚೌಕಟ್ಟು ಇನ್ನೂ ಖಾಲಿ. ಇಷ್ಟು ವರ್ಷ ಅದನ್ನು ತುಂಬುತ್ತಿದ್ದ ಕಾಕಾ ಕಳೆದ ತಿಂಗಳು ಬೀದರಕ್ಕೆ ಹೋದರು. ಈ ಸಲ ರಿಟರ್ನ್ ಟಿಕೆಟ್ ಇಲ್ಲ. ಹೊರಡುವ ದಿನ ಅರ್ಧ ಖಾಲಿಯಾದ ಉಪ್ಪಿನಕಾಯಿ ಭರಣಿಯ ಜೊತೆ ಒಂದು ನೋಟ್‌ಬುಕ್ಕನ್ನೂ ಕೈಗಿಟ್ಟು, “ಇದ್ರಾಗ ಎಲ್ಲಾ ತಾರೀಖ ಬರ್ದೀನಿ ತಂಗಿ, ನೋಡ್ಕೊಂತ ಹಾಕು” ಅಂದರು. ಬರೆದದ್ದು ಖರೇ. ಆದರೆ ಸೆಪ್ಟೆಂಬರ್ ಪುಟಕ್ಕೆ ಚಹಾ ಬಿದ್ದಿದೆ. 17ನೇ ತಾರೀಖಿನ ಕೆಳಗೆ ಓದಲು ಬರುವುದು ನಾಲ್ಕೇ ಸಾಲು: 1787, ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನಕ್ಕೆ 39 ಜನರ ಸಹಿ. 1879, ಈರೋಡಿನಲ್ಲಿ ಪೆರಿಯಾರ್ ಜನನ. 1978, ಕ್ಯಾಂಪ್ ಡೇವಿಡ್ ಒಪ್ಪಂದ. ನಾಲ್ಕನೆಯದಕ್ಕೆ ಕಾಕಾ ವಿವರವನ್ನೇ ಬರೆದಿಲ್ಲ. ‘1948, ನಮ್ದು’ ಎಂದಷ್ಟೇ ಬರೆದು ಎರಡು ಗೆರೆ ಎಳೆದಿದ್ದಾರೆ.

ಮಗಳ ಶಾಲೆಯಲ್ಲಿ ಈ ವಾರ ಸಂವಿಧಾನ ದಿನ. ಇಲ್ಲಿ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಶಾಲೆಗಳೆಲ್ಲ ಸೆಪ್ಟೆಂಬರ್ 17ಕ್ಕೆ ಈ ಪಾಠ ಮಾಡಲೇಬೇಕೆಂದು 2004ರಿಂದ ಕಾನೂನೇ ಇದೆ. 1787ರ ಆ ದಿನ ಸಭೆಯಲ್ಲಿ ಕೂತಿದ್ದೂ ಸಹಿ ಹಾಕದೆ ಎದ್ದು ಬಂದವರು ಮೂವರು ಅಂತ ಹೇಳಿ ಅವಳು ನಕ್ಕಳು. ನಾನು ರೊಟ್ಟಿ ಬಡಿಯುತ್ತಾ, “ನಮ್ಮ ಕಲಬುರಗಿಗೂ ಇದೇ ದಿನ ದೊಡ್ಡದು ಪುಟ್ಟಿ, ನಮಗೆ ಸ್ವಾತಂತ್ರ್ಯ ಬಂದದ್ದು ಇವತ್ತೇ” ಅಂದೆ. ಆಗಸ್ಟ್ ಹದಿನೈದಕ್ಕೆ ಪೆರೇಡಿನಲ್ಲಿ ಧ್ವಜ ಹಿಡಿದಿದ್ದವಳು ಸುಮ್ಮನಿರುತ್ತಾಳೆಯೇ? ವರ್ಷ ಕೇಳಿದಳು, ಫೋನಿನಲ್ಲಿ ಲೆಕ್ಕ ಹಾಕಿದಳು.

“399 ದಿನ. ಅಮ್ಮ, ನಿಮ್ಮೂರಿಗೆ ಇಂಡಿಪೆಂಡೆನ್ಸ್ ಲೇಟ್ ಡೆಲಿವರಿ ಆಯ್ತಾ?”

ಹೌದು, ಆಯ್ತು. ನಡುವೆ ಲೀಪ್ ವರ್ಷ ಬೇರೆ. ಕಲಬುರಗಿ, ಬೀದರ, ರಾಯಚೂರು ಆಗ ಹೈದರಾಬಾದಿನ ನಿಜಾಮರವು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಒಕ್ಕೂಟಕ್ಕೆ ಸೇರಲಿಲ್ಲ. ನವೆಂಬರಿನಲ್ಲಿ ಒಂದು ಯಥಾಸ್ಥಿತಿ ಒಪ್ಪಂದವಾಯಿತು, ಅದರ ಕೆಳಗೆ ನಿಜಾಮರ ಪರ ನಿಂತ ಖಾಸಗಿ ಪಡೆ, ಖಾಸಿಂ ರಜ್ವಿಯ ರಜಾಕಾರರ ಹಾವಳಿ ಬೆಳೆಯಿತು. ಅವರು ಹತ್ಯಾಕಾಂಡ ನಡೆಸಿದ ಬೀದರ ಜಿಲ್ಲೆಯ ಗೋರಟಾದ ಹೆಸರು ಹೇಳಿದರೆ ಇವತ್ತಿಗೂ ಹಿರಿಯರು ದನಿ ತಗ್ಗಿಸುತ್ತಾರೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸೋಲಾಪುರದ ರಸ್ತೆ ಹಿಡಿದು ಒಳಬಂತು. 17ಕ್ಕೆ ನಿಜಾಮರು ಕದನ ನಿಲ್ಲಿಸಿದರು. ಅವರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಂದೆ ವಿಧಿವತ್ತಾಗಿ ಶರಣಾದದ್ದು ಮರುದಿನ, 18ಕ್ಕೆ. ಅಂದರೆ ಇನ್ನೊಂದು ದಿನ ಲೇಟು. ಮಗಳಿಗೆ ಇದನ್ನು ಹೇಳಿಲ್ಲ.

ಇನ್ನು ತಾರೀಖಿನ ಕಥೆಯೇ ಬೇರೆ. ನಿಜಾಮರ ಕಚೇರಿ ಕಾಗದಗಳಲ್ಲಿ ಅದು 1357 ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. ತಿಂಗಳುಗಳ ಹೆಸರು ಆಜೂರ್, ಬಹಮನ್, ತೀರ್, ಮೆಹರ್. ಜಾಗೀರು ರದ್ದು ಮಾಡಿದ ಕಾಯಿದೆಯ ಹೆಸರಲ್ಲೂ 1358 ಫಸಲಿ ಅಂತಲೇ ಇದೆ, ಅದು ಬಂದದ್ದು 1949ರಲ್ಲಿ, ನಿಜಾಮರ ಆಳ್ವಿಕೆ ಮುಗಿದ ಮೇಲೆ! ನಮ್ಮ ಹೊಲದ ಹಳೇ ಉರ್ದು ಕಾಗದ ಓದಲು ಮುತ್ಯಾ ಒಬ್ಬ ನಿವೃತ್ತ ಮುನ್ಷಿಯ ಮನೆಗೆ ಹೋಗಬೇಕಿತ್ತು. ಮುತ್ಯಾ ಹುಟ್ಟಿದ್ದು ಜೂನ್ 1. ಅವರ ತಮ್ಮನೂ ಜೂನ್ 1, ಆಯಿಯ ಅಣ್ಣನೂ ಜೂನ್ 1. ಶಾಲೆಗೆ ಸೇರಿಸಿಕೊಂಡ ಮಾಸ್ತರರ ಕೃಪೆ. ನಮ್ಮ ಕಡೆ ‘ಈ ದಿನ’ ಅಂಕಣ ಬರೆಯುವುದಾದರೆ ಜೂನ್ 1ಕ್ಕೆ ಪುರವಣಿಯೇ ಬೇಕು.

ಆದರೆ 17 ಮಾತ್ರ ಮುತ್ಯಾನಿಗೆ ಪಕ್ಕಾ ಗೊತ್ತಿದ್ದ ತಾರೀಖು. ಆಳಂದ ಕಡೆಯ ನಮ್ಮ ಹಳ್ಳಿಯಲ್ಲಿ ರಜಾಕಾರರು ಬಣವಿಗೆ ಬೆಂಕಿ ಇಟ್ಟ ಮೇಲೆ ಅವರು ಗಡಿ ದಾಟಿ ಸೋಲಾಪುರ ಸೀಮೆಯ ಒಂದು ಕ್ಯಾಂಪಿನಲ್ಲಿದ್ದರು. 17ರ ಸುದ್ದಿ ಕೇಳಿ ನಡೆದೇ ಮನೆಗೆ ಬಂದರಂತೆ. ನಾನು ಸಣ್ಣವಳಿದ್ದಾಗ, ಆಗ ನಾವು ಕಲಬುರಗಿಯ ಓಣಿಯೊಂದರಲ್ಲಿದ್ದೆವು, ಪ್ರತಿ ವರ್ಷ ಆ ದಿನ ಮುತ್ಯಾ ಇಸ್ತ್ರಿ ಮಾಡಿದ ಧೋತ್ರ ಉಟ್ಟು, ಅಂಗಿಗೆ ಕಾಗದದ ಧ್ವಜ ಸಿಗಿಸಿಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದರು. ಆಯಿ ಗೋಧಿ ಹುಗ್ಗಿ ಮಾಡುತ್ತಿದ್ದಳು. ಓಣಿಯ ಮನೆಮನೆಗೂ ಹಂಚುವ ಕೆಲಸ ನನ್ನದು. ಮೊದಲ ಡಬರಿ ಪಕ್ಕದ ಕಲಾಯಿ ಚಾಚಾನ ಮನೆಗೆ. ಚಾಚಾ ನಮ್ಮ ಹಳ್ಳಿಯವನೇ, ಮುತ್ಯಾನಿಗಿಂತ ಬಹಳ ಚಿಕ್ಕವ. ಅವನು ಪಾತ್ರೆ ಬೆಂಕಿಗಿಟ್ಟು ನವಸಾಗರ ಉಜ್ಜಿ ತವರ ಹಚ್ಚಿದರೆ ಹಿತ್ತಾಳೆಯೊಳಗೆ ನಮ್ಮ ಮುಖ ಕಾಣುತ್ತಿತ್ತು.

ನಮ್ಮೂರಲ್ಲಿ ಪಾತ್ರೆ ಖಾಲಿ ಕೊಡುವ ಪದ್ಧತಿ ಇಲ್ಲ, ನಿಮಗೆ ಹೇಳಬೇಕಿಲ್ಲ. ಯುಗಾದಿಗೆ ಹೋದ ಡಬರಿ ಅದೇ ಸಂಜೆ ನಾಲ್ಕು ಖರ್ಜೂರವನ್ನೋ ಒಂದು ಹಿಡಿ ಸಕ್ಕರೆಯನ್ನೋ ಹೊತ್ತು ಬರುತ್ತಿತ್ತು. ರಂಜಾನಿಗೆ ಅಲ್ಲಿಂದ ಬಂದ ಶೀರ್ ಖುರ್ಮಾದ ಪಾತ್ರೆ ಶೇಂಗಾ ಹೋಳಿಗೆ ತುಂಬಿಕೊಂಡು ಹೋಗುತ್ತಿತ್ತು. 17ರ ಡಬರಿ ಮಾತ್ರ ಮರುದಿನ ಬರುತ್ತಿತ್ತು. ತೊಳೆದು, ಒರೆಸಿ, ಖಾಲಿ. ಆ ದಿನ ಚಾಚಾನ ಒಲೆಯೂ ಹೊತ್ತುತ್ತಿರಲಿಲ್ಲ. ಮೂರ್ನಾಲ್ಕು ವರ್ಷ ನೋಡಿ ಒಮ್ಮೆ ನಾನು, “ಚಾಚಾನ ಮನ್ಯಾಗ ಮರ್ತಾರೇನು ಆಯಿ?” ಅಂದೆ. ಆಯಿ ಡಬರಿ ಕಸಿದುಕೊಂಡು ಒಳಗೆ ಹೋದಳು. ಮುತ್ಯಾ ಕಟ್ಟೆಯ ಮೇಲಿಂದಲೇ ಹೇಳಿದರು, “ನಾ ಮನಿಗಿ ಬಂದ ವಾರಾನೇ ಅವರಪ್ಪ ಸಂತಿಗಿ ಹೋದಾಂವ ಹೊಳ್ಳಿ ಬರಲಿಲ್ಲವ್ವಾ. ಹೊರಗಿನವ್ರಲ್ಲ, ನಮ್ಮ ಮಂದೀನೇ.” ಆಮೇಲೆ ಅಂಗಿಯ ಧ್ವಜ ತೆಗೆದು ಕಿಸೆಗೆ ಹಾಕಿಕೊಂಡರು.

ಮುಂದಿನ ವರ್ಷವೂ ಆಯಿ ಹುಗ್ಗಿ ಮಾಡಿದಳು, ಮೊದಲ ಡಬರಿ ಅಲ್ಲಿಗೇ ಹೋಯಿತು. ಮರುದಿನ ಖಾಲಿ ಬಂತು. ಯಾರೂ ಏನೂ ಅನ್ನಲಿಲ್ಲ.

ದೊಡ್ಡವಳಾದ ಮೇಲೆ ಓದಿದೆ: ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಆ ಸೈನಿಕ ಕ್ರಮದ ಬಳಿಕ ಮುಸ್ಲಿಮರ ಮೇಲೆ ನಡೆದದ್ದನ್ನು ನೋಡಿಬರಲು ದಿಲ್ಲಿಯಿಂದ ಪಂಡಿತ ಸುಂದರಲಾಲ್ ಅವರ ಸಮಿತಿ ಬಂದಿತ್ತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ್. ಆ ವರದಿ ದಶಕಗಳ ಕಾಲ ಹೊರಗೆ ಬರಲೇ ಇಲ್ಲ. ಚಾಚಾ ಅದನ್ನು ಓದಿರಲಿಕ್ಕಿಲ್ಲ.

ಈಗ ಅದೇ 17ಕ್ಕೆ ನಮ್ಮಲ್ಲಿ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ, ಅದಕ್ಕೂ ಮುಂಚೆ ವಿಮೋಚನಾ ದಿನ. ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿಸಂಗ್ರಾಮ ದಿನ. ತೆಲಂಗಾಣದಲ್ಲಿ ಸರ್ಕಾರ ಬದಲಾದರೆ ದಿನದ ಹೆಸರೂ ಬದಲಾಗುತ್ತದೆ. ಚೌಕಟ್ಟಿನಲ್ಲಿ ನನಗಿರುವ ಜಾಗ ಒಂದು ಸಾಲು. ಯಾವ ಹೆಸರು ಹಾಕಲಿ? ಕಾಕಾಗೆ ಫೋನ್ ಮಾಡಿದೆ, ಅಲ್ಲಿ ಬೆಳಗಾಗಿತ್ತು. “ಅದಕ್ಕೇ ನಾ ‘ನಮ್ದು’ ಅಂತ ಬರ್ದೀನಿ” ಅಂದವರೇ, ಹಾಲಿನವನು ಬಂದ ಅಂತ ಫೋನ್ ಇಟ್ಟರು. ಹಾಗೇ ಹಾಕಿದ್ದೇನೆ. ಮೈಸೂರು ಕಡೆಯವರು ಅರ್ಥವಾಗಲಿಲ್ಲ ಅಂತ ಪತ್ರ ಬರೆಯಬೇಡಿ, ಗಣಪತಿ ಹಬ್ಬದಲ್ಲಿ ಸಿಕ್ಕಾಗ ಹೇಳುತ್ತೇನೆ.

ಹಬ್ಬ ಅಂದ ಮೇಲೆ ನೆನಪಾಯಿತು, ಜಾಗ ಮುಗಿಯುತ್ತಿದೆ. ಗಣಪತಿ ವಿಸರ್ಜನೆ ಭಾನುವಾರ ಮಧ್ಯಾಹ್ನ ಮೂರಕ್ಕೆ, ಹಿಂಬದಿಯ ಪಾರ್ಕಿಂಗಿನಲ್ಲಿ, ಟಬ್ಬಿನಲ್ಲೇ, ಕೆರೆಗೆ ಅನುಮತಿ ಸಿಕ್ಕಿಲ್ಲ. ಮಕ್ಕಳ ಕನ್ನಡ ತರಗತಿ ಮುಂದಿನ ಶನಿವಾರದಿಂದ ಶುರು, ಸ್ಲೇಟು ಬೇಡ, ನೋಟ್‌ಬುಕ್ ಸಾಕು. ರಾಜ್ಯೋತ್ಸವದ ನಾಟಕಕ್ಕೆ ಇನ್ನೂ ಇಬ್ಬರು ಗಂಡಸರು ಬೇಕು, ಮಾತು ಕಡಿಮೆ, ನಿಂತರೆ ಸಾಕು. ಸದಸ್ಯತ್ವ ಶುಲ್ಕ ಕಟ್ಟದವರ ಪಟ್ಟಿ ಖಜಾಂಚಿಯವರ ಹತ್ತಿರ ಇದೆ, ಅವರು ತುಂಬಾ ಸಂಕೋಚದ ಮನುಷ್ಯ, ನೀವೇ ಕರೆದು ಕೊಡಿ.

ಮತ್ತೆ, ಈ ಪತ್ರಿಕೆಗೆ ಯಾರಾದರೂ ಕೈ ಜೋಡಿಸಿ. ‘ಈ ದಿನ’ ಒಂದನ್ನಾದರೂ ವಹಿಸಿಕೊಳ್ಳಿ, ನೋಟ್‌ಬುಕ್ ಕೊಡುತ್ತೇನೆ. ನಾಳೆ ಏಳಕ್ಕೆ ನನಗೆ ಟ್ರೇನಿದೆ, ಮಗಳ ಡಬ್ಬಿ ಇನ್ನೂ ತೊಳೆದಿಲ್ಲ.

ಭಾನುವಾರ ಪ್ರಸಾದಕ್ಕೆ ಗೋಧಿ ಹುಗ್ಗಿ ನನ್ನದು. ಕಳೆದ ವರ್ಷ ಕಟ್ಟಿಕೊಟ್ಟ ನನ್ನ ಮೂರು ಸ್ಟೀಲ್ ಡಬರಿ ನಿಮ್ಮಲ್ಲಿ ಯಾರದೋ ಮನೆಯಲ್ಲಿವೆ. ತಂದುಕೊಡಿ. ಖಾಲಿ ಕೊಟ್ಟರೂ ನಡೀತದ.